ಮಾವನ ಎಣಿಕೆಯಲ್ಲಿ ಒಂದು ತಲೆ ಹೆಚ್ಚು

ಇಪ್ಪತ್ತಾರು ವರ್ಷ ದೇಶ ಕಾಯ್ದು ಬಂದ ನಮ್ಮ ಸೋದರಮಾವನಿಗೆ ಎಣಿಸಲು ಬರುವುದಿಲ್ಲ! ನೀವು ನಂಬುವುದಿಲ್ಲ, ನನಗೆ ಗೊತ್ತು. ಬಂದೂಕು, ಬೂಟು, ಕಂಬಳಿ ಎಲ್ಲವನ್ನೂ ಎಣಿಸಿ ಎಣಿಸಿಯೇ ಹವಾಲ್ದಾರ್ ಮೇಜರ್ ಆದ ಮನುಷ್ಯನಿಗೆ ಎಣಿಕೆ ಬಾರದೆ ಇರುತ್ತದೆಯೇ? ಬರುತ್ತದೆ ಸ್ವಾಮಿ, ಚೆನ್ನಾಗಿಯೇ ಬರುತ್ತದೆ. ಮರದಲ್ಲಿರುವ ತೆಂಗಿನಕಾಯನ್ನು ಕೆಳಗೆ ನಿಂತೇ ಎಣಿಸಿ ಹೇಳುತ್ತಾರೆ, ಒಂದು ಕಾಯಿ ಹೆಚ್ಚುಕಮ್ಮಿ ಆಗುವುದಿಲ್ಲ. ಎಣಿಕೆ ತಪ್ಪುವುದು ಮನುಷ್ಯರ ಹತ್ತಿರ ಬಂದಾಗ ಮಾತ್ರ. ಐದು ಜನ ನಿಂತರೆ ಆರು ಎನ್ನುತ್ತಾರೆ, ಹತ್ತು ಜನ ನಿಂತರೆ ಹನ್ನೊಂದು. ಎಂದೂ ಒಂದು ಕಡಿಮೆ ಇಲ್ಲ, ಎಂದೂ ಎರಡು ಹೆಚ್ಚಿಲ್ಲ.

ಬರಿಯ ಬಾಯಿಲೆಕ್ಕವಾಗಿದ್ದರೆ ವಯಸ್ಸಾಯಿತು ಎಂದು ಬಿಟ್ಟುಬಿಡಬಹುದಿತ್ತು. ಮಾವ ಎಣಿಸುವುದು ಕೈಯಿಂದ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಭುಜವನ್ನೂ ಮೆಲ್ಲಗೆ ತಟ್ಟುತ್ತಾ ಬರುತ್ತಾರೆ. ಸಾಲು ಮುಗಿದ ಮೇಲೆ ತಮ್ಮ ಎದೆಯನ್ನು ಮುಟ್ಟಿಕೊಳ್ಳುತ್ತಾರೆ. ಆಮೇಲೆ ತಮ್ಮ ಎಡಗಡೆ, ಯಾರೂ ಇಲ್ಲದ ಜಾಗದಲ್ಲಿ, ಗಾಳಿಯನ್ನು ಒಂದು ಸಲ ತಟ್ಟುತ್ತಾರೆ. ಕೈ ಗಾಳಿಯಲ್ಲಿ ಜೋತುಬೀಳುವುದಿಲ್ಲ, ಏನನ್ನೋ ಮುಟ್ಟಿದ ಹಾಗೆ ಅಲ್ಲೇ ನಿಲ್ಲುತ್ತದೆ. ಆ ಎತ್ತರವೂ ಯಾವಾಗಲೂ ಒಂದೇ, ಮಾವನ ಭುಜಕ್ಕಿಂತ ನಾಲ್ಕು ಬೆರಳು ಕೆಳಗೆ. ಅಂದರೆ ಆಸಾಮಿ ಸ್ವಲ್ಪ ಕುಳ್ಳು!

"ಯಾರು ಮಾವ ಅದು?" ಎಂದು ನಾನು ಒಮ್ಮೆ ಕೇಳಿದ್ದೆ.

"ಅವ್ನೆ ಕಣ್ಲಾ ಒಬ್ಬ" ಎಂದರು, ಪಕ್ಕದ ಮನೆಯವನ ವಿಚಾರ ಹೇಳುವಷ್ಟು ಸಲೀಸಾಗಿ. ಹೆದರಿ ನಾನು ಎರಡನೆಯ ಪ್ರಶ್ನೆ ಕೇಳಲಿಲ್ಲ.

ಒಮ್ಮೆ ನಾವು ಆರು ಮಂದಿ ಕೊಳ್ಳೇಗಾಲದಿಂದ ಹನೂರಿಗೆ ಒಂದು ನಾಮಕರಣಕ್ಕೆ ಹೊರಟೆವು. ಬಸ್ಸಿನಲ್ಲಿ ಇರುವೆ ನುಸುಳಲೂ ಜಾಗವಿರಲಿಲ್ಲ. ಮಾವ ಮೊದಲೇ ಹತ್ತಿ ಸೀಟು ಹಿಡಿದಿದ್ದರು. ತಮ್ಮ ಪಕ್ಕದ ಸೀಟಿನ ಮೇಲೆ ಕೈಯಿಟ್ಟುಕೊಂಡು, "ಏಳು ಟಿಕೀಟ್ ಕೊಡಪ್ಪ" ಎಂದರು. ಕಂಡಕ್ಟರ್ ನಮ್ಮನ್ನೆಲ್ಲ ನೋಡಿದ.

"ಆರೇ ಜನ ಅಲ್ವಾ ಸಾ?"

"ಏಳು."

"ಏಳ್ನೇವ್ರು ಎಲ್ಲವ್ರೆ?"

ಮಾವ ಖಾಲಿ ಸೀಟಿನ ಕಡೆ ಗಲ್ಲವೆತ್ತಿ ತೋರಿಸಿದರು. ಕಂಡಕ್ಟರ್ ಕೆಲಸದಲ್ಲಿ ಪಳಗಿದವನು. ಸೀಟನ್ನೊಮ್ಮೆ, ಮಾವನ ಮೀಸೆಯನ್ನೊಮ್ಮೆ ನೋಡಿ, "ಗಂಡಸೋ ಎಂಗಸೋ ಸಾ? ಎಂಗಸಾದ್ರೆ ಫ್ರೀ, ಆಧಾರ್ ಕಾರ್ಡ್ ತೋರ್ಸ್‌ಬೇಕಾಯ್ತದೆ" ಎಂದ!

ಬಸ್ಸಿಗೆ ಬಸ್ಸೇ ನಕ್ಕಿತು. ಮಾವ ನಗಲಿಲ್ಲ. "ಗಂಡಸು" ಎಂದು ಏಳು ಟಿಕೆಟ್ ಎಣಿಸಿಕೊಂಡರು. ಆ ನಗು ನಿಂತ ಮೇಲೆ ನಡೆದದ್ದು ಮಾತ್ರ ವಿಚಿತ್ರ. ಕಂಬಿ ಹಿಡಿದು ಜೋತಾಡುತ್ತಿದ್ದ ಆ ಜನರಲ್ಲಿ ಒಬ್ಬರಾದರೂ ಹನೂರಿನವರೆಗೆ ಆ ಸೀಟಿನ ಮೇಲೆ ಕೂರಲಿಲ್ಲ. ಮೂಟೆ ಹೊತ್ತಿದ್ದ ಒಬ್ಬ ಮುದುಕನಿಗೆ ಮಾವ ಎದ್ದು ತಮ್ಮ ಸೀಟನ್ನೇ ಬಿಟ್ಟುಕೊಟ್ಟು ನಿಂತರು. ಮುದುಕ ಪಾಪ, ಖಾಲಿ ಸೀಟಿನ ಕಡೆಗೆ ತಿರುಗದೆ, ಮೈಯನ್ನು ಮುದುಡಿಕೊಂಡು ಕೂತಿದ್ದ.

ಊಟದ ಕಥೆ ಇನ್ನೊಂದು. ಯಾವ ಸಮಾರಂಭವೇ ಇರಲಿ, ಮಾವ ಕಡೆಯ ಪಂಕ್ತಿಗೆ ಮುಂಚೆ ಕೂತವರಲ್ಲ. ನೆಂಟರು ಉಂಡರೆ ಸಾಲದು, ತಮಟೆಯವರು, ಪಾತ್ರೆ ತೊಳೆಯುವವರು, ಶಾಮಿಯಾನ ಕಟ್ಟಿದವರು ಎಲ್ಲರೂ ಉಂಡು ಕೈ ತೊಳೆಯಬೇಕು. "ತೋಳ್ ಮ್ಯಾಲೆ ಪಟ್ಟಿ ಇರೋನು ಕೊನೇಲಿ ಉಣ್ಬೇಕು ಕಣ್ಲಾ. ಮೊದ್ಲು ಉಣ್ಣೋನ್ಗೆ ಪಟ್ಟಿ ಯಾಕೆ, ತಟ್ಟೆ ಸಾಕು" ಎನ್ನುತ್ತಿದ್ದರು. ಅಷ್ಟು ಹೊತ್ತಿಗೆ ಪಾಯಸ ಮುಗಿದು, ಸಾರು ತಳಕಂಡು, ಮಾವನ ಪಾಲಿಗೆ ಬರುವುದು ಅನ್ನ ಮಜ್ಜಿಗೆ. ಅತ್ತೆ ಹಣೆ ಚಚ್ಚಿಕೊಳ್ಳುತ್ತಿದ್ದರು.

ಕಡೆಯ ಪಂಕ್ತಿಯಲ್ಲೂ ಪಕ್ಕಕ್ಕೊಂದು ಹೆಚ್ಚಿನ ಎಲೆ ಬೀಳಲೇಬೇಕು, ಅದು ಬೇರೆ ಮಾತು. ಧನಗೆರೆಯ ಒಂದು ಗೃಹಪ್ರವೇಶದಲ್ಲಿ ಆ ಎಲೆಗೆ ಒಬ್ಬಟ್ಟು ಬಡಿಸಿದ್ದರು. ಮಾವ ಕೈ ತೊಳೆದು ಬರುವಷ್ಟರಲ್ಲಿ ಒಬ್ಬಟ್ಟು ಮಾಯ! ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡರು. ಹೊಸ ಮನೆಗೆ ಗಾಳಿ ಹೊಕ್ಕಿದೆ ಎಂದು ಸುದ್ದಿಯಾಗಿ, ಪೂಜಾರಪ್ಪ ಬಂದು ನಾಲ್ಕು ಮೂಲೆಗೂ ನಿಂಬೆಹಣ್ಣು ಕುಯ್ದ. ಆ ಒಬ್ಬಟ್ಟನ್ನು ತಿಂದವನು ನಾನು. ಎದುರಿಗೆ ಅನಾಥವಾಗಿ ಬಿದ್ದಿತ್ತು, ತಿಂದೆ. ಅಷ್ಟು ಗಲಾಟೆಯಾದ ಮೇಲೆ ಒಪ್ಪಿಕೊಳ್ಳುವ ಧೈರ್ಯ ಯಾರಿಗಿರುತ್ತದೆ ಹೇಳಿ?

ಅತ್ತೆಗೆ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. ತಲೆ ಎಣಿಸಬಾರದು ಎಂಬುದು ನಮ್ಮ ಕಡೆಯ ಹಳೆಯ ನಂಬಿಕೆ. ಅದರಲ್ಲೂ ಇಲ್ಲದ ತಲೆಯನ್ನು ಎಣಿಸಿದರೆ? "ಆ ಎಚ್ಚಿನ ತಲೆ ಸುಮ್ಕೆ ಬುಡಾಕಿಲ್ಲ ಕಣಪ್ಪ. ಒಂದಿನ ಇರೋರಲ್ಲಿ ಒಬ್ರ ಜಾಗ ಕೇಳ್ತದೆ" ಎಂದು ನನ್ನ ಮುಂದೆ ಕಣ್ಣಲ್ಲಿ ನೀರು ಹಾಕಿಕೊಂಡರು. ಮಾವನಿಗೆ ಸುಬೇದಾರಿಕೆ ತಪ್ಪಿದ್ದೂ ಅದರಿಂದಲೇ ಎಂಬುದು ಅವರ ಗುಮಾನಿ. ಜೊತೆಯವರೆಲ್ಲ ಬಡ್ತಿ ಪಡೆದು ನಿವೃತ್ತರಾದರೆ, ಮಾವ ಹವಾಲ್ದಾರ್ ಮೇಜರ್ ಆಗಿಯೇ ಟ್ರಂಕು ಹೊತ್ತು ಬಂದಿದ್ದರು.

ಸರಿ, ಯಳಂದೂರಿನ ಕಡೆಯ ಒಬ್ಬ ಮಂತ್ರವಾದಿಯ ಹತ್ತಿರ ಕರೆದುಕೊಂಡು ಹೋದೆವು. ಕತ್ತಲೆ ಕೋಣೆ, ಧೂಪದ ಹೊಗೆ, ಗೋಡೆಯುದ್ದಕ್ಕೂ ಕುಂಕುಮದ ಕಣ್ಣುಗಳು. ಆತ ಮಾವನ ಎಡಗಡೆಯ ಗಾಳಿಯನ್ನು ಬಹಳ ಹೊತ್ತು ದಿಟ್ಟಿಸಿ, "ಯಾರ್ ನೀನು? ಯಾವೂರು? ಏನ್ ಬೇಕು ಬೊಗುಳು!" ಎಂದು ಗುಡುಗಿದ. ದೀಪದ ಕುಡಿ ಅಲುಗಾಡಿತು. ಅತ್ತೆ ನನ್ನ ತೋಳಿಗೆ ಉಗುರು ನೆಟ್ಟರು. ಆತ ಇನ್ನೊಮ್ಮೆ ಗುಡುಗಿದ. ತಮಿಳಿನಲ್ಲೂ ಒಂದು ಸಲ ಗುಡುಗಿದ.

ಮಾವ ಗಂಟಲು ಸರಿಮಾಡಿಕೊಂಡು, "ಸ್ವಾಮಿ, ಅವನ್ಗೆ ಕನ್ನಡ ಬರಾಕಿಲ್ಲ. ತಮಿಳೂ ಬರಾಕಿಲ್ಲ" ಎಂದರು.

ಮಂತ್ರವಾದಿ ಹಿಂದಕ್ಕೆ ಸರಿದ. ಅವನ ಇಡೀ ಜನ್ಮದಲ್ಲಿ ಯಾರೂ ಹಾಗೆ ಹೇಳಿರಲಿಲ್ಲವೆಂದು ಕಾಣುತ್ತದೆ. ದಕ್ಷಿಣೆಯನ್ನೂ ಮುಟ್ಟದೆ ನಮ್ಮನ್ನು ಹೊರಡಿಸಿಬಿಟ್ಟ!

ಇಷ್ಟೆಲ್ಲ ಆದ ಮೇಲೆ ಎರಡು ವರ್ಷದ ಹಿಂದೆ, ಕಾರ್ತಿಕದಲ್ಲಿ, ಕಾಮಗೆರೆಯಿಂದ ನಾವು ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಟೆವು. ಮಾವನೂ ನಾನೂ ಸೇರಿ ಒಟ್ಟು ಇಪ್ಪತ್ತೆರಡು ಜನ. ಮುಂದಾಳು ನಾನು. ಯಾಕೆಂದರೆ ಗೊಬ್ಬರದ ಅಂಗಡಿ ನನ್ನದು, ಗಂಟುಮೂಟೆ ಸಾಗಿಸುವ ಟೆಂಪೋ ನನ್ನದು, ಸೀಟಿಯೂ ನನ್ನದೇ! ಮಾವನೂ ಬರುತ್ತೇನೆಂದಾಗ ಜನ ತಕರಾರು ತೆಗೆದರು. "ಮೇಜರ್ರು ಬರ್ಲಿ ಸಾ, ಬ್ಯಾಡ ಅನ್ನಾಕಿಲ್ಲ. ಆದ್ರೆ ಎಣಿಸ್ಕೂಡ್ದು. ಕಾಡ್ ದಾರಿ, ಒಬ್ರು ಕಮ್ಮಿಯಾದ್ರೆ ಏನ್ ಗತಿ?" ಅದೇ ಅತ್ತೆಯ ಮಾತು, ಊರೆಲ್ಲ ಹಬ್ಬಿತ್ತು. ನಾನು ರಾಜಿ ಮಾಡಿದೆ. ಎಣಿಕೆಯ ಜವಾಬ್ದಾರಿ ನನ್ನದು, ಮಾವ ಸುಮ್ಮನೆ ನಡೆಯಬೇಕು.

ಮಾವ ಒಪ್ಪಿದರು. ಹೊರಡುವ ಬೆಳಿಗ್ಗೆ ಮಾತ್ರ ಒಬ್ಬೊಬ್ಬರ ಹತ್ತಿರವೂ ಹೋಗಿ ಏನೋ ಕೇಳಿ, ಒಂದು ಚಿಕ್ಕ ಪುಸ್ತಕದಲ್ಲಿ ಗೀಚಿಕೊಂಡರು. ಬಿಪಿ ಮಾತ್ರೆ ವಿಚಾರಿಸುತ್ತಿದ್ದಾರೆ ಎಂದುಕೊಂಡೆ.

ಮೊದಲ ದಿನ ಹನೂರು ದಾಟಿ ಕೌದಳ್ಳಿಯಲ್ಲಿ ತಂಗಿದೆವು. ಎರಡನೆಯ ದಿನ ಕಾಡು ಹತ್ತಿರ ಬಂತು. ಮಧ್ಯಾಹ್ನ ರಸ್ತೆ ಬದಿಯಲ್ಲಿ ಬುತ್ತಿ ಬಿಚ್ಚಿ ಉಂಡು ಎದ್ದಾಗ ಮಾವ ಹತ್ತಿರ ಬಂದು, "ಎಣಿಸ್ದ್ಯಾ?" ಎಂದರು.

"ಎಲ್ಲಾ ಅವ್ರೆ ಮಾವ" ಎಂದೆ. ಎಣಿಸಿರಲಿಲ್ಲ. ಬಿಸಿಲು ಸ್ವಾಮಿ, ಬರಿಗಾಲು ಬೇರೆ! ಅಂಗಡಿಯಲ್ಲೂ ನಾನು ಲಾರಿಯಿಂದಿಳಿದ ಮೂಟೆಗಳನ್ನು ಎಣಿಸದೆಯೇ ಸರಿಯಾಗಿದೆ ಎಂದು ರುಜು ಹಾಕುವವನು. ಇನ್ನೊಂದು ಗಂಟೆ ನಡೆದ ಮೇಲೆ ದಾರಿಯಲ್ಲೊಂದು ನೀರಿನ ತೊಂಬೆ ಸಿಕ್ಕಿತು. ಎಲ್ಲರೂ ನೀರು ಕುಡಿದರು. ಮಾವ ಮತ್ತೆ ಕೇಳಿದರು. ನಾನು ಮತ್ತೆ "ಸರಿಯಾಗದೆ" ಎಂದೆ.

ತಾಳಬೆಟ್ಟ ತಲುಪುವಾಗ ಸಂಜೆ ಐದಾಗುತ್ತ ಬಂದಿತ್ತು. ಅಲ್ಲಿಂದ ಬೆಟ್ಟ ಹತ್ತುವ ದಾರಿ. ಆರರ ಮೇಲೆ ಯಾರನ್ನೂ ಬಿಡುವುದಿಲ್ಲ ಎಂದು ಅರಣ್ಯದ ಗಾರ್ಡ್ ಅವಸರ ಮಾಡುತ್ತಿದ್ದ. ಆ ಜಾಗದಲ್ಲಿ ಒಂದು ಥರದ ಮೌನ. ಮುಸುವಗಳು ಕೂಗುತ್ತಿದ್ದವು, ಇದ್ದಕ್ಕಿದ್ದ ಹಾಗೆ ನಿಲ್ಲಿಸಿಬಿಟ್ಟವು. ಬಿದಿರು ಗಾಳಿಯಿಲ್ಲದೆಯೇ ಕಿರುಗುಟ್ಟುತ್ತಿತ್ತು. ಮಾವ ಇದ್ದಕ್ಕಿದ್ದಂತೆ, "ಸಾಲಾಗಿ ನಿಂತ್ಕಳಿ" ಎಂದರು.

ಆ ದನಿಯಲ್ಲಿ ಏನಿತ್ತೋ, ತಕರಾರು ತೆಗೆದವರೂ ನಿಂತರು. ಮಾವ ಭುಜ ತಟ್ಟುತ್ತಾ ಬಂದರು. ಕಡೆಗೆ ನಿಂತು ಹೇಳಿದರು, "ಇಪ್ಪತ್ತೆರಡು."

ಚಪ್ಪಾಳೆಯೋ ಚಪ್ಪಾಳೆ! "ಉಘೇ ಮಾದಪ್ಪ! ಮೇಜರ್ರ ಲೆಕ್ಕ ಸರಿಯಾಯ್ತು!" "ಗಾಳಿ ಬುಟ್ಟೋಯ್ತು ಸಾ! ಮಾದಪ್ಪನ ಗಡಿ ಮೆಟ್ಟುತ್ಲೂವೆ ಬುಟ್ಟೋಯ್ತು!" ಒಬ್ಬ ಕುಣಿದೇಬಿಟ್ಟ. ಅತ್ತೆಗೆ ಫೋನು ಮಾಡೋಣವೆಂದು ನಾನೂ ಜೇಬಿಗೆ ಕೈ ಹಾಕಿದೆ.

ಮಾವ ಕುಣಿಯಲಿಲ್ಲ. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಆಗ ನನಗೆ ಹೊಳೆಯಿತು. ಸಾಲಿನ ತುದಿಯಲ್ಲಿ ನಿಂತಿದ್ದ ನಾನು ಕಣ್ಣಾರೆ ನೋಡಿದ್ದೆ. ಮಾವ ತಮ್ಮ ಎದೆಯನ್ನು ಮುಟ್ಟಿಕೊಂಡಿದ್ದರು, ಅದಾದ ಮೇಲೆ ಎಡಗಡೆಯ ಗಾಳಿಯನ್ನೂ ತಟ್ಟಿದ್ದರು. ಅವನನ್ನೂ ಸೇರಿಸಿ ಇಪ್ಪತ್ತೆರಡು! ಅಂದರೆ ಉಸಿರಾಡುತ್ತಾ ನಿಂತಿದ್ದವರು ಇಪ್ಪತ್ತೊಂದೇ ಜನ.

ಅತ್ತೆ ಹೇಳಿದ್ದು ನಿಜವಾಯಿತೇ? ಅದು ಜಾಗ ಕೇಳಿಯೇಬಿಟ್ಟಿತೇ?

"ಯಾರಿಲ್ಲ?" ಎಂದು ಎಲ್ಲರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ನೋಡಿಕೊಂಡಿದ್ದೇ ಬಂತು, ಯಾರಿಗೂ ಹೊಳೆಯಲಿಲ್ಲ. ಗಂಡಂದಿರು ಹೆಂಡಿರನ್ನು, ಅಕ್ಕಂದಿರು ತಂಗಿಯರನ್ನು ಹುಡುಕಿದರು. ಎಲ್ಲರವರೂ ಇದ್ದರು. ಕಡೆಗೆ ಒಬ್ಬಳು, "ಆ ಕಳೆ ಕೀಳಾಕೆ ಬರ್ತಿದ್ಲಲ್ಲ, ಅಸ್ರು ಸೀರೆವ್ಳು, ಅವ್ಳು ಕಾಣ್ತಿಲ್ಲ" ಎಂದಳು. ಹೌದು! ಕಬ್ಬಿನ ಗದ್ದೆಗಳಲ್ಲಿ ಕೂಲಿ ಮಾಡುವ ಹೆಂಗಸು, ಗಂಡನಿಲ್ಲ, ಮಕ್ಕಳಿಲ್ಲ. ಎರಡು ದಿನದಿಂದ ಸಾಲಿನ ಹಿಂದೆ ಸದ್ದಿಲ್ಲದೆ ನಡೆದು ಬರುತ್ತಿದ್ದಳು. ಟೆಂಪೋದಲ್ಲಿ ಹೋಗಿರಬೇಕೆಂದು ಡ್ರೈವರನಿಗೆ ಫೋನು ಮಾಡಿದರೆ, ಅಲ್ಲಿಯೂ ಇಲ್ಲ.

"ಕೂಗಿ, ಕೂಗಿ!" ಎಂದ ಗಾರ್ಡ್. "ಇಂದ್ಗಡೆ ಆನೆ ರಸ್ತೆ ದಾಟ್ತವೆ ಅಂತ ಈಗ್ತಾನೆ ಬಸ್ಸಿನೋರು ಯೋಳವ್ರೆ."

ಕೂಗುವುದು ಏನೆಂದು? ನಮ್ಮಲ್ಲಿ ಒಬ್ಬರಿಗೂ ಆಕೆಯ ಹೆಸರು ಗೊತ್ತಿರಲಿಲ್ಲ! ನನ್ನ ತೋಟದಲ್ಲೇ ಮೂರು ವರ್ಷ ಕಳೆ ಕಿತ್ತವಳು. "ಏನಮ್ಮಾ" ಎನ್ನುತ್ತಿದ್ದೆ, ಅಷ್ಟೇ.

ಆಗ ಮಾವ ಹೊರಡುವ ಬೆಳಿಗ್ಗೆ ಗೀಚಿಕೊಂಡಿದ್ದ ಆ ಚಿಕ್ಕ ಪುಸ್ತಕವನ್ನು ತೆಗೆದು ನೋಡಿ, ಕಾಡಿನ ಕಡೆಗೆ ತಿರುಗಿ, ಎರಡೂ ಕೈಗಳನ್ನು ಬಾಯಿಗೆ ಹಿಡಿದು ಕೂಗಿದರು. "ಪುಟ್ಟತಾಯಮ್ಮಾ..." ಆ ಕೂಗು ಬೆಟ್ಟಕ್ಕೆ ಬಡಿದು ವಾಪಸು ಬಂತು. ಅದನ್ನು ಬಿಟ್ಟರೆ ಬೇರೇನೂ ಬರಲಿಲ್ಲ.

ಮಾವ ನನ್ನ ಕಡೆಗೆ ತಿರುಗಿದರು. "ಕೊನೇಲಿ ಎಲ್ಲಿ ಎಣಿಸ್ದೆ?"

"ತೊಂಬೆ ತಾವ, ಮಾವ. ಸರಿಯಾಗಿತ್ತು" ಎಂದೆ. ಬಾಯಿ ತಾನಾಗಿಯೇ ಹೇಳಿತು. ಇಪ್ಪತ್ತು ಜನರ ಮುಂದೆ ಮುಂದಾಳಾದವನು ಇನ್ನೇನು ಹೇಳಬೇಕು?

"ಅಂಗಾದ್ರೆ ತೊಂಬೆಯಿಂದ ಈಚ್ಗೆ ನೋಡಿದ್ರೆ ಸಾಕು" ಎಂದ ಗಾರ್ಡ್. ಕೌದಳ್ಳಿ ಕಡೆಗೆ ಹೊರಟಿದ್ದ ಒಂದು ಗೂಡ್ಸ್ ಆಟೋವನ್ನು ನಿಲ್ಲಿಸಿದ. ಮಾವ ಹತ್ತದೆ ನನ್ನನ್ನೇ ನೋಡುತ್ತಾ ನಿಂತರು. ಗದರಲಿಲ್ಲ. ದನಿಯನ್ನು ಇನ್ನಷ್ಟು ಇಳಿಸಿ ಕೇಳಿದರು.

"ಎಣಿಸ್ದ್ಯಾ? ಇಲ್ಲ, ಎಣಿಸ್ದೆ ಅಂದ್ಯಾ?"

ಬೆಳಕು ಇಳಿಯುತ್ತಿತ್ತು. ನಾನು ಸುಳ್ಳಿಗೇ ಅಂಟಿಕೊಂಡರೆ ಇವರು ತೊಂಬೆಯಿಂದಾಚೆ ಹುಡುಕುವುದಿಲ್ಲ. ಅಷ್ಟರಲ್ಲಿ ಕತ್ತಲಾಗುತ್ತದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಎಣಿಸ್ಲಿಲ್ಲ ಮಾವ. ಎಣಿಸ್ದೆ ಅಂದೆ. ಊಟದ ತಾವೂ ಎಣಿಸ್ಲಿಲ್ಲ."

ಯಾರೋ ಹಿಂದಿನಿಂದ ಥೂ ಎಂದರು. ಮಾವ ಮಾತ್ರ ನನ್ನ ಬೆನ್ನು ತಟ್ಟಿ, "ಸರಿ. ಈಗ ಎಲ್ಲೀಗಂಟ ಉಡುಕ್ಬೇಕು ಅಂತ ಗೊತ್ತಾಯ್ತು. ಆಟೋ ಅತ್ತು" ಎಂದರು.

ಆಟೋದ ಹಿಂದೆ ನಿಂತು ಮಾವ ಹೆಸರು ಕೂಗುತ್ತಲೇ ಇದ್ದರು. ತೊಂಬೆ ಬಂತು, ದಾಟಿತು. ಅಲ್ಲಿಂದ ಮುಂದೆ ರಸ್ತೆಯ ಮೇಲೆ ಆನೆಯ ಲದ್ದಿ ಇನ್ನೂ ಹಬೆಯಾಡುತ್ತಿತ್ತು. ಡ್ರೈವರ್ ಹಾರ್ನ್ ಮುಟ್ಟಲಿಲ್ಲ, ಗಾರ್ಡ್ ಮಾತಾಡಲಿಲ್ಲ. ಲಂಟಾನದ ಪೊದೆಗಳೊಳಗೆ ಏನೋ ದೊಡ್ಡದು ಉಸಿರಾಡುತ್ತಿದೆ ಎಂದು ನನಗೆ ಅನ್ನಿಸುತ್ತಲೇ ಇತ್ತು. ನಾವು ಉಂಡ ಜಾಗಕ್ಕೆ ಇನ್ನು ಸ್ವಲ್ಪವೇ ದೂರವಿದ್ದಾಗ, ಮಾವನ ಕೂಗಿಗೆ ಪೊದೆಯಾಚೆಯಿಂದ ಒಂದು ಸಣ್ಣ ದನಿ ಓಗೊಟ್ಟಿತು.

"ಇಲ್ಲಿವ್ನಿ ಕಣಪ್ಪಾ..."

ಒಂದು ಹುಣಸೆಮರದ ಬುಡಕ್ಕೆ ಒರಗಿ ಆಕೆ ಕೂತಿದ್ದಳು. ಮರೆಗೆಂದು ಇಳಿದವಳು ಹಳ್ಳದಲ್ಲಿ ಕಾಲು ಹೊರಳಿಸಿಕೊಂಡಿದ್ದಳು. ಪಾದ ಊದಿ ಬೂದುಗುಂಬಳವಾಗಿತ್ತು. ಆನೆಗಳು ಹತ್ತು ಮಾರು ದೂರದಲ್ಲಿ ಹಾದುಹೋದವಂತೆ. ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳಂತೆ.

"ತೆವಳ್ಕಂಡಾರೂ ರಸ್ತೆಗ್ ಬರಬಾರ್ದಾ ತಾಯಿ? ಎಂಗ್ ಕುಂತಿದ್ರಿ ಒಬ್ರೇ?" ಎಂದ ಗಾರ್ಡ್.

"ಅಲ್ಲಾಡಿದ್ರೆ ಆನೆ ಬುಟ್ಟಾವಾ ಸಾ? ಅದ್ಕೇ ಕುಂತೇ ಇದ್ದಿ" ಎಂದಳು ಪುಟ್ಟತಾಯಮ್ಮ. "ಮೇಜರಪ್ನೋರು ಒಬ್ರ ಎಚ್ಗೆ ಎಣಿಸ್ತಾರೆಯೇ ಒರ್ತು ಕಮ್ಮಿ ಎಣಿಸಾಕಿಲ್ಲ. ಬಂದೇ ಬತ್ತಾರೆ ಅಂತ ನಂಗೊತ್ತಿತ್ತು."

ಊರಿಗೆ ಊರೇ ಹೆದರಿದ್ದ ಆ ಎಣಿಕೆಯನ್ನು ನಂಬಿಕೊಂಡು ಆಕೆ ಕಾಡಿನಲ್ಲಿ ಕೂತಿದ್ದಳು! ನನಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಮಾವ ಅವಳನ್ನು ಮಗುವಿನಂತೆ ಎತ್ತಿಕೊಂಡು ಬಂದು ಡ್ರೈವರನ ಪಕ್ಕದಲ್ಲಿ ಕೂರಿಸಿದರು. ಗಾರ್ಡ್ ಕೂಡ ಮುಂದೆಯೇ ನುಸುಳಿ, ಆಟೋವನ್ನು ತಾಳಬೆಟ್ಟದ ಕಡೆಗೆ ತಿರುಗಿಸಲು ಹೇಳಿದ. ಹಿಂದೆ, ಟೊಮೇಟೊ ಕ್ರೇಟುಗಳ ನಡುವೆ, ನಾವಿಬ್ಬರೇ ಉಳಿದೆವು. ಅಷ್ಟು ವರ್ಷದಿಂದ ಕೇಳದೆ ಬಿಟ್ಟಿದ್ದನ್ನು ನಾನು ಆಗ ಕೇಳಿದೆ.

"ಮಾವ, ಆ ಎಚ್ಚಿನೋನು ಯಾರು?"

ಮಾವ ಹೇಳಿದರು. ಹಿಮದ ಬೆಟ್ಟದ ಮೇಲೊಂದು ಠಾಣ್ಯ. ಒಂದು ಮಧ್ಯಾಹ್ನ ಹಿಮಗಾಳಿ ಎದ್ದು ಎಲ್ಲರೂ ಕೆಳಗಿಳಿದರು. ಹವಾಲ್ದಾರ್ ಮೇಜರ್ ಆಗಿದ್ದ ಮಾವ ಹೆಸರುಗಳ ಪಟ್ಟಿ ಹಿಡಿದು ಎಣಿಸಿ, ಎಲ್ಲರೂ ಹಾಜರೆಂದು ಸಾಹೇಬರಿಗೆ ವರದಿ ಕೊಟ್ಟರು. ಪಟ್ಟಿಯ ಪ್ರಕಾರ ಅದು ಸರಿಯಾಗಿಯೇ ಇತ್ತು. ಸೀಮೆಎಣ್ಣೆಯ ಡಬ್ಬಿ ಹೊರುತ್ತಿದ್ದ ಅಲ್ಲಿನ ಊರೊಂದರ ಕೂಲಿಯಾಳು ಮೇಲೆಯೇ ಉಳಿದಿದ್ದ. ಕೂಲಿಯವನಾದ್ದರಿಂದ ಪಟ್ಟಿಯಲ್ಲಿ ಅವನಿರಲಿಲ್ಲ.

"ಮೂರ್ ದಿನ ಆದ್ಮೇಲೆ ಸಿಕ್ದ. ಬಂಡೆಗ್ ಒರಗ್ಕಂಡು ಕುಂತಿದ್ದ, ದಾರೀನೇ ನೋಡ್ಕಂಡು. ನಾವ್ ಬತ್ತೀವಿ ಅಂತ" ಎಂದರು ಮಾವ. "ಯಾರೂ ಕೇಳ್ಲಿಲ್ಲ ಕಣ್ಲಾ. ಕಾಗದ ಸರಿಯಾಗಿತ್ತಲ್ಲ! ನಾನೇ ಓಗಿ, ತಪ್ಪು ನನ್ದು ಅಂತ ಬರ್ಕೊಟ್ಟೆ. ಬ್ಯಾಡ ಕಣಯ್ಯಾ, ನಿನ್ ಸುಬೇದಾರಿಕೆ ಓಯ್ತದೆ ಅಂದ್ರು ಸಾಹೇಬ್ರು. ಓದ್ರೆ ಓಗ್ಲಿ ಸಾ ಅಂದೆ. ನನ್ ಕೈಕೆಳ್ಗೆ ಇನ್ನೂ ನೂರ್ ಜನ ಹೈಕ್ಳಿದ್ರು. ನಾನು ಕಾಗದದ್ ಇಂದೆ ಅವಿತ್ಕಂಡ್ರೆ, ಅವ್ರು ಏನ್ ಕಲ್ತಾರು?"

ಅತ್ತೆಯ ಹತ್ತಿರ ಇದನ್ನು ಯಾಕೆ ಹೇಳಲಿಲ್ಲ, ಜನ ಗಾಳಿ ಎಂದು ನಕ್ಕಾಗಲಾದರೂ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಬೇಕೆನಿಸಿತು. ಕೇಳಿದ್ದು ಬೇರೆಯೇ.

"ಅವ್ನ ಹೆಸ್ರೇನು ಮಾವ?"

ಮಾವ ಮುಖವನ್ನು ಕಾಡಿನ ಕಡೆಗೆ ತಿರುಗಿಸಿಕೊಂಡರು. "ಕೇಳಿರ್ನಿಲ್ಲ ಕಣ್ಲಾ" ಎಂದರು. "ಎರಡ್ ವರ್ಷ ನಮ್ ಜೊತೇಲಿದ್ದ. ಎಲ್ಲಾರೂ ಏಯ್ ಅಂತ್ಲೇ ಕರೀತಿದ್ವಿ. ಹೆಸ್ರು ಗೊತ್ತಿದ್ದಿದ್ರೆ ದಿನಾ ಹೆಸ್ರಿಡಿದು ಕರೀತಿದ್ದೆ. ಗೊತ್ತಿಲ್ವಲ್ಲ... ಅದ್ಕೇ ಎಣಿಸ್ತೀನಿ."

ನನಗೆ ಅಳು ತಡೆಯಲಾಗಲಿಲ್ಲ. ಯಾರ ಎಣಿಕೆಗೆ ಅಷ್ಟು ವರ್ಷ ಹೆದರಿದ್ದೆನೋ ಆ ಮನುಷ್ಯನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ತಾಳಬೆಟ್ಟ ಬರುವವರೆಗೂ ನಾನು ಆ ಕೈ ಬಿಡಲಿಲ್ಲ.